ಗೋಡೆ ಕಡೆಯ ಸ್ಪೀಕರ್

ಬಸವೇಶ್ವರನಗರದ ನಮ್ಮ ಮನೆಗೆ ಬ್ರಾಡ್‌ಬ್ಯಾಂಡ್ ಬಂದ ವರ್ಷ ನಾನು ಜ್ಞಾನಭಾರತಿಯಲ್ಲಿ ಎಂ.ಎಸ್ಸಿ. ಓದುತ್ತಿದ್ದೆ. ಅಮ್ಮ ಸಂಜೆ ಹೊತ್ತು ಮುಂದಿನ ಕೋಣೆಯಲ್ಲಿ ಬಡಾವಣೆಯ ಮಕ್ಕಳಿಗೆ ಸಂಗೀತ ಪಾಠ ಹೇಳುತ್ತಿದ್ದಳು. ಕಂಪ್ಯೂಟರ್ ಇದ್ದದ್ದೂ ಅದೇ ಕೋಣೆಯಲ್ಲಿ. ಇಡೀ ದಿನ ಕರ್ನಾಟಕ ಸಂಗೀತವನ್ನೇ ಹಾಕುವ ಇಂಟರ್ನೆಟ್ ರೇಡಿಯೋವೊಂದನ್ನು ನಾನು ಹುಡುಕಿಕೊಟ್ಟ ಮೇಲೆ ಅಮ್ಮನ ಮಧ್ಯಾಹ್ನದ ನಿದ್ದೆ ನಿಂತುಹೋಯಿತು.

ಆದರೆ ಧ್ವನಿ ಚೆನ್ನಾಗಿರಲಿಲ್ಲ. ಪಿಟೀಲು ತಗಡಿನ ಹಾಗೆ ಕೇಳುತ್ತಿತ್ತು, ಆಲಾಪನೆಯ ನಡುವೆ ಹಾಡು ತಡವರಿಸಿ ನಿಲ್ಲುತ್ತಿತ್ತು. ನನಗೆ ಇಂಥದ್ದನ್ನು ಅರ್ಧಕ್ಕೆ ಬಿಡಲು ಬರುವುದಿಲ್ಲ. ಆ ರೇಡಿಯೋದವರು ಒಂದೇ ಕಛೇರಿಯನ್ನು ಧ್ವನಿಯ ಎರಡು ದರ್ಜೆಯಲ್ಲಿ ಬಿಡುತ್ತಾರೆಂದು ತಿಳಿದು, ಹಗುರವಾದದ್ದನ್ನು ಬಿಟ್ಟು ಭಾರವಾದದ್ದನ್ನು ಹಾಕಿದೆ. ತಡವರಿಕೆ ತಪ್ಪಲೆಂದು, ಹಾಡು ಶುರುವಾಗುವ ಮೊದಲೇ ಅದರ ಸಾಕಷ್ಟು ಭಾಗ ಕಂಪ್ಯೂಟರಿಗೆ ಇಳಿದಿರುವಂತೆ ಮಾಡಿದೆ. ಕಂಪ್ಯೂಟರ್ ತಾನಾಗಿ ಸೇರಿಸುತ್ತಿದ್ದ ಗುಂಯ್‌ಗುಟ್ಟುವಿಕೆಯನ್ನೆಲ್ಲ ತೆಗೆದುಹಾಕಿ, ಅಪ್ಪನ ಹಳೆಯ ಸ್ಟೀರಿಯೋಕ್ಕೆ ವೈರು ಎಳೆದೆ.

ಆ ಸ್ಟೀರಿಯೋದ ಎರಡು ಸ್ಪೀಕರ್‌ಗಳಲ್ಲಿ ಒಂದು ಹಾಲ್‌ನ ಶೋಕೇಸಿನ ಮೇಲಿತ್ತು, ಇನ್ನೊಂದು ಅಡುಗೆಮನೆಯಲ್ಲಿ ಡಬ್ಬಿಗಳ ಪಕ್ಕ. ನಮ್ಮ ಬೀದಿಯ ಎಷ್ಟೋ ಮನೆಗಳಲ್ಲಿ ಹೀಗೆಯೇ: ಎರಡಿದೆಯಲ್ಲ, ಎರಡು ಕಡೆ ಕೇಳಲಿ ಎಂದು. ವರ್ಷಗಟ್ಟಲೆ ಅಮ್ಮ ಸಾರು ಕುದಿಸುತ್ತ ಅರ್ಧ ಕಛೇರಿ, ಅಪ್ಪ ಪೇಪರು ಓದುತ್ತ ಇನ್ನರ್ಧ ಕಛೇರಿ ಕೇಳಿದ್ದರು. ನಾನು ಎರಡನ್ನೂ ತಂದು ಕಂಪ್ಯೂಟರ್ ಮೇಜಿನ ಮೇಲೆ, ಒಂದನ್ನು ಗೋಡೆ ಕಡೆ, ಒಂದನ್ನು ಕಿಟಕಿ ಕಡೆ, ಕೂತವರ ಕಿವಿಯ ಎತ್ತರಕ್ಕೆ ಇಟ್ಟೆ. ಎದುರಿಗೆ ಅಮ್ಮನ ಕುರ್ಚಿ.

ಅಮ್ಮ ಕಣ್ಣು ಮುಚ್ಚಿ ಕೇಳಿದಳು. "ಚೆನ್ನಾಗಿದೆ. ಆದ್ರೆ ಗೋಡೆ ಕಡೆದು ಮಂಕು ಕಣೇ."

ಅದು ಅಡುಗೆಮನೆಯ ಸ್ಪೀಕರ್. "ಇನ್ನೇನಾಗತ್ತೆ?" ಎಂದರು ಒಳಗಿನಿಂದ ಅಪ್ಪ. "ನಿನ್ನ ಒಗ್ಗರಣೆ ಹೊಗೆ ಕುಡಿದೂ ಕುಡಿದೂ ಅದಕ್ಕೆ ಗಂಟಲು ಕಟ್ಟಿದೆ."

"ಅದೇ ಒಗ್ಗರಣೆ ನೀವೂ ತಿಂದಿದೀರಲ್ಲ, ನಿಮ್ಮ ಗಂಟಲಿಗೇನೂ ಆಗ್ಲಿಲ್ವಲ್ಲ" ಎಂದಳು ಅಮ್ಮ.

ನಾನು ಸ್ಪೀಕರ್‌ಗಳನ್ನು ಅದಲುಬದಲು ಮಾಡಿದೆ. ಈಗ ಗೋಡೆ ಕಡೆಗೆ ಹೊಗೆ ಕಾಣದ ಸ್ಪೀಕರ್ ಬಂತು. ಅಮ್ಮ ಕೇಳಿ, "ಗೋಡೆ ಕಡೆದೇ" ಎಂದಳು. ಹಾಗಾದರೆ ವೈರು ಎಂದುಕೊಂಡು ಅದನ್ನೂ ಬದಲಿಸಿದೆ. ಗೋಡೆ ಕಡೆಯದೇ. ನಾನು ಆ ಕುರ್ಚಿಯಲ್ಲಿ ಕೂತು ಕೇಳಿದರೆ ಎರಡೂ ಸಮ. ವಿಜಯನಗರದ ರೇಡಿಯೋ ರಿಪೇರಿ ಅಂಗಡಿಗೆ ಹೊತ್ತುಕೊಂಡು ಹೋದರೆ, "ಏನೂ ಆಗಿಲ್ಲ ಮೇಡಂ, ಇನ್ನೂ ಇಪ್ಪತ್ ವರ್ಷ ಬರತ್ತೆ" ಎಂದು ವಾಪಸು ಕಳಿಸಿದರು. ಅಮ್ಮನಿಗೆ ಹಾಗೆ ಅನ್ನಿಸುತ್ತಿದೆ ಅಷ್ಟೆ ಎಂದು ನಾನು ಸುಮ್ಮನಾದೆ.

ಒಂದು ಮಧ್ಯಾಹ್ನ ಯಾರದೋ ತೋಡಿ ರಾಗ ಬರುತ್ತಿತ್ತು. ಬೆಳಕಿಗೆಂದು ಅಮ್ಮ ಕುರ್ಚಿಯನ್ನು ಬಾಗಿಲಿನ ಕಡೆ ತಿರುಗಿಸಿ, ಮೇಜಿಗೆ ಬೆನ್ನು ಹಾಕಿ, ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು.

"ಅರೆ, ಸರಿಹೋಯ್ತು ನೋಡು ಗೋಡೆ ಕಡೆದು!" ಎಂದಳು. ಸ್ವಲ್ಪ ಹೊತ್ತು ಕೇಳಿ, "ಆದ್ರೆ ಕಿಟಕಿ ಕಡೆದು ಮಂಕಾಯ್ತಲ್ಲೇ. ಏನ್ ಮಾಡ್ದೆ?"

ನಾನು ಏನನ್ನೂ ಮುಟ್ಟಿರಲಿಲ್ಲ. ನನ್ನ ಕೈಗಳು ತೊಡೆಯ ಮೇಲಿದ್ದವು. ತಿರುಗಿದ್ದು ಅಮ್ಮ ಮಾತ್ರ.

ಹಾಡು ನಿಲ್ಲಿಸಿದೆ. "ಬಲಗಿವಿ ಬೆರಳಲ್ಲಿ ಮುಚ್ಕೋ ಅಮ್ಮ" ಎಂದೆ. ಏನೋ ಪರೀಕ್ಷೆ ಎಂದುಕೊಂಡು ಅವಳು ಸೊಪ್ಪು ಹಿಡಿದ ಕೈಯಲ್ಲೇ ಮುಚ್ಚಿಕೊಂಡಳು. ಅವಳ ಬೆನ್ನ ಹಿಂದೆ ನಿಂತು, ಎಂದಿನ ಧ್ವನಿಯಲ್ಲಿ ಅಮ್ಮಾ ಎಂದು ಕರೆದೆ. ಮತ್ತೆ ಕರೆದೆ. ಅವಳು ಬಾಗಿಲಾಚೆ ನೋಡುತ್ತ ಕಾಯುತ್ತಲೇ ಇದ್ದಳು.

"ಹೂಂ, ಏನ್ ಮಾಡ್ಬೇಕು ಹೇಳು" ಎಂದಳು ಕೊನೆಗೆ.

ಎದುರಿಗೆ ಬಂದು ನಿಂತೆ. ನನ್ನ ಮುಖ ನೋಡಿ ಅವಳು ಬೆರಳು ತೆಗೆದಳು. ಆಮೇಲೆ ತಾನಾಗಿಯೇ ಎಡಗಿವಿಯ ಹತ್ತಿರ ಎರಡು ಬೆರಳು ತಂದು ಉಜ್ಜಿದಳು. ಬಲಗಿವಿಯ ಹತ್ತಿರ ಉಜ್ಜಿದಳು. ಮತ್ತೆ ಎಡಕ್ಕೆ ಹೋದಳು.

ಕಿವಿಯ ಡಾಕ್ಟರು, ಎಡಗಡೆಯ ನರ ನಿಧಾನವಾಗಿ ಸೋತಿದೆ, ಅದು ಹಿಂದಿರುಗಿ ಬರುವುದಿಲ್ಲ, ಬಲಗಿವಿ ಚೆನ್ನಾಗಿದೆ ಎಂದರು. ಇಷ್ಟು ದಿನ ಗೊತ್ತೇ ಆಗಲಿಲ್ಲವೇ ಎಂದು ಅವರು ಕೇಳಿದರು. ನನಗೆ ಹೊಳೆದದ್ದು ಆಗ: ಅಮ್ಮ ಮಕ್ಕಳನ್ನು ಎದುರಿಗೆ ಕೂರಿಸುವುದನ್ನು ಯಾವಾಗಲೋ ಬಿಟ್ಟಿದ್ದಳು. ಎಲ್ಲರೂ ಅವಳ ಬಲಕ್ಕೆ ಸಾಲಾಗಿ ಕೂರುತ್ತಿದ್ದರು. ಆ ಕಡೆ ಗಾಳಿ ಚೆನ್ನಾಗಿ ಬರುತ್ತದೆ, ಅದಕ್ಕೇ ಎಂದು ಅವಳೇ ನಂಬಿದ್ದಳು.

ಆಟೋದಲ್ಲಿ, "ನಾಳೆಯಿಂದ ಪಾಠ ಬೇಡ" ಎಂದಳು. "ಕಿವಿ ಇಲ್ದೋಳು ಇನ್ನೊಬ್ರ ಮಕ್ಕಳ ಶ್ರುತಿ ತಿದ್ದೋದು ಮೋಸ ಕಣೇ."

ಪಾಠವಿಲ್ಲದ ಅಮ್ಮನನ್ನು ನಾನು ಎಂದೂ ನೋಡಿರಲಿಲ್ಲ.

ಮರುದಿನ ಮಕ್ಕಳು ಬರುವ ಮುಂಚೆ ಅವಳು ನನ್ನನ್ನು ಕರೆದು, ಶ್ರುತಿಪೆಟ್ಟಿಗೆಯನ್ನು ಮುಂದಕ್ಕೆ ತಳ್ಳಿದಳು. "ನಾನು ಆ ಕಡೆ ತಿರುಗ್ತೀನಿ. ನೀನು ಗುಂಡಿ ತಿರುಗಿಸ್ತಾ ಇರು. ಎಷ್ಟು ಅಂತ ಹೇಳ್ಬೇಡ. ಒಂದು ತಪ್ಪಿದ್ರೂ ಮಕ್ಕಳನ್ನ ವಾಪಸ್ ಕಳಿಸ್ಬಿಡು."

ಕೂದಲೆಳೆಯಷ್ಟು ತಿರುಗಿಸಿದೆ.

"ಇಳಿಸ್ದೆ."

ಇನ್ನೊಂದು ಕಡೆಗೆ.

"ಏರಿಸ್ದೆ. ಜಾಸ್ತಿ ಆಯ್ತು."

ಮೂರನೆಯ ಸಲ ಎಷ್ಟು ಕಡಿಮೆ ತಿರುಗಿಸಿದೆನೆಂದರೆ, ಎರಡು ಕಿವಿಯೂ ನೆಟ್ಟಗಿದ್ದ ನನಗೆ ಯಾವ ವ್ಯತ್ಯಾಸವೂ ಕೇಳಲಿಲ್ಲ. ಇದನ್ನು ಅಮ್ಮ ಹೇಳಲಾರಳು ಎಂದುಕೊಂಡೆ.

"ಇಳೀತು. ಒಂದ್ ಚೂರು" ಎಂದಳು ಅಮ್ಮ. ಮುಂದಿನ ಸಲ ನಾನು ಗುಂಡಿ ಮುಟ್ಟಲೇ ಇಲ್ಲ. ಸ್ವಲ್ಪ ಹೊತ್ತು ತಲೆ ವಾಲಿಸಿ ಕೇಳಿ, "ಸುಮ್ನೆ ಕೂತಿದೀಯ ನೀನು. ಕಳ್ಳಿ" ಎಂದಳು.

ಅಷ್ಟರಲ್ಲಿ ಗೇಟಿನ ಸದ್ದಾಯಿತು. ಅಮ್ಮನ ಕಿವಿಯ ವಿಷಯ ನಾಲ್ಕು ಗೋಡೆಯೊಳಗೇ ಉಳಿಯಬೇಕೆಂದು ನಾನು ಆಗಲೇ ನಿರ್ಧರಿಸಿಬಿಟ್ಟಿದ್ದೆ. ಮಕ್ಕಳು ಚಾಪೆಯ ಮೇಲೆ ಕೂತರು. ಅಮ್ಮ, ಹೊಸ ಗೀತೆ ಹೇಳಿಕೊಡುವಷ್ಟೇ ಸಹಜವಾಗಿ, "ಎಲ್ರೂ ಯಾವಾಗ್ಲೂ ಹೀಗೇ ಬಲಗಡೆ ಕೂತ್ಕೊಳ್ಳಿ. ನಂಗೆ ಎಡಗಿವಿ ಕೇಳಲ್ಲ. ಮನೇಲೂ ಹೇಳಿ" ಎಂದಳು.

ಮುಂದಿನ ಸಾಲಿನ ಪುಟ್ಟ ಹುಡುಗಿ ಕೇಳಿದಳು, "ಪೂರ್ತಿ ಕೇಳಲ್ವಾ ಮಿಸ್?"

"ನೀನು ಅಪಸ್ವರ ಹಾಡಿದ್ರೆ ಇನ್ನೊಂದು ಕಿವಿಗೆ ಕೇಳತ್ತೆ" ಎಂದಳು ಅಮ್ಮ. "ಹೂಂ, ಷಡ್ಜ ಹಿಡಿ."