ಕಣದ ಮೇಲಿನ ಬೆಂಗಳೂರು

ಡೆಂಕಣಿಕೋಟೆಯಿಂದ ಕಾಡಿನ ಕಡೆಗೆ ನಡೆದರೆ ಸಿಗುವ ಒಂದು ಹಳ್ಳಿಯಲ್ಲಿ, ಎರಡನೇ ಮಹಾಯುದ್ಧದ ಆ ವರ್ಷಗಳಲ್ಲಿ, ರಾಗಿ ಒಕ್ಕಣೆಯ ಕಾಲ ಬಂತೆಂದರೆ ಹೆಂಗಸರು ಸಂಜೆಯ ಮುಂದೆ ಬೆಂಗಳೂರು ನೋಡಲು ಹೊರಡುತ್ತಿದ್ದರು. ಅದಕ್ಕೆ ಬಸ್ಸು ಹತ್ತಬೇಕಾಗಿರಲಿಲ್ಲ, ಬುತ್ತಿ ಕಟ್ಟಬೇಕಾಗಿರಲಿಲ್ಲ, ಗಂಡಂದಿರ ಅಪ್ಪಣೆಯೂ ಬೇಕಾಗಿರಲಿಲ್ಲ. ಚೆನ್ನಕೇಶವನ ಕಣಕ್ಕೆ ಬಂದರೆ ಸಾಕಾಗಿತ್ತು. ಅವನ ಹೆಂಡತಿ ವರಲಕ್ಷ್ಮಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ನಿಲ್ಲುವಳು. ಉಳಿದವರು ಒಬ್ಬರ ಹಿಂದೊಬ್ಬರು ಸಾಲುಗಟ್ಟುವರು.

ವರಲಕ್ಷ್ಮಮ್ಮ ಹುಟ್ಟಿ ಬೆಳೆದದ್ದು ಬೆಂಗಳೂರಿನ ಬಳೇಪೇಟೆಯಲ್ಲಿ. ಅವಳ ತಂದೆ ಗೋಪಾಲಪ್ಪನಿಗೆ ಮಾರ್ಕೆಟ್ಟಿನಲ್ಲಿ ಹೂವಿನ ಅಂಗಡಿ. ಈ ಹಳ್ಳಿಗೆ ಸೊಸೆಯಾಗಿ ಬಂದ ಹೊಸದರಲ್ಲಿ, ಪಕ್ಕದ ಮನೆಯ ರಾಮಕ್ಕ ಒಂದು ದಿನ, "ಬೆಂಗ್ಳೂರು ಎಂಗೈತಕ್ಕ?" ಎಂದು ಕೇಳಿದಳು. ಬಾಯಿಮಾತಿನಲ್ಲಿ ಹೇಳಲಾಗದೆ ವರಲಕ್ಷ್ಮಮ್ಮ ಅವಳ ಕೈ ಹಿಡಿದು ಕಣಕ್ಕೆ ಕರೆತಂದಳು. ಹಾಗೆ ಶುರುವಾದದ್ದು.

ದನದ ಕೊಟ್ಟಿಗೆಯ ಕಡೆಯಿಂದ ಒಳಗೆ ಬಂದರೆ ಅದು ಹೊಸೂರು ರಸ್ತೆ. ಮೊದಲು ಸಿಗುವ ಹೊಂಗೆಮರವೇ ಲಾಲ್‌ಬಾಗು. ಅದರಾಚೆ ಮೂಲೆಯಲ್ಲಿ ಬಿದ್ದಿರುವ ರಾಗಿ ಹೊಡೆಯುವ ಗುಂಡು, ಬಸವನಗುಡಿಯ ದೊಡ್ಡ ಬಸವಣ್ಣ. ರಾಗಿಯ ಮೆದೆ ಕೋಟೆ. ತೂರಿದ ರಾಗಿಯ ರಾಶಿ ಮಾರ್ಕೆಟ್ಟು. ಎರಡು ಬದಿ ಹುಲ್ಲು ಸರಿಸಿ ಬಿಟ್ಟ ಕಾಲುದಾರಿ ದೊಡ್ಡಪೇಟೆ. ಕಣದ ನಡುವೆ ಎತ್ತುಗಳನ್ನು ಕಟ್ಟಿ ಸುತ್ತಿಸಲು ನೆಟ್ಟ ಮೇಟಿ ಕಂಬವೇ ದೊಡ್ಡಪೇಟೆಯ ಚೌಕ.

"ಬದಿಗೆ ನಿಲ್ಲಿ, ಜಟಕಾ ಬರ್ತಾ ಇದೆ" ಎಂದು ವರಲಕ್ಷ್ಮಮ್ಮ ಕೈ ಅಡ್ಡ ಹಿಡಿದರೆ, ಹೆಂಗಸರೆಲ್ಲ ಬೆದರಿ ಹುಲ್ಲಿಗೆ ಒತ್ತಿಕೊಂಡು ನಿಲ್ಲುತ್ತಿದ್ದರು. ಆಮೇಲೆ ತಮ್ಮನ್ನು ತಾವೇ ನೋಡಿಕೊಂಡು ನಗುತ್ತಿದ್ದರು.

"ಲಾಲ್‌ಬಾಗಿನಾಗೆ ಗಾಜಿನ ಮನೆ ಅಂದ್ಯಲ್ಲ, ಅದ್ರಾಗೆ ಯಾರವ್ವ ಇರೋದು?" ಎಂದು ಪಾಪಮ್ಮ ಪ್ರತಿವರ್ಷವೂ ಕೇಳುವಳು. ಪಾಪಮ್ಮ ಆ ಗುಂಪಿಗೆಲ್ಲ ಹಿರಿಯಳು.

"ಯಾರೂ ಇರಲ್ಲ ಅಜ್ಜಿ. ಹೂವಿನ ಗಿಡಗಳು ಇರ್ತವೆ."

"ನೋಡ್ರೇ ಅಮ್ಮಿ! ಗಿಡಕ್ಕೆ ಗಾಜಿನ ಮನೆ, ನಮ್ಗೆ ಹುಲ್ಲಿನ ಮನೆ. ಮುಂದಿನ ಜನ್ಮಕ್ಕೆ ಗಿಡವಾಗಿ ಹುಟ್ಬೇಕು ಕಣ್ರೇ."

ಅತ್ತೆ ಅಕ್ಕಯಮ್ಮ ಈ ಮೆರವಣಿಗೆಗೆ ಎಂದೂ ಸೇರಿದವಳಲ್ಲ. ಕೊಟ್ಟಿಗೆಯ ಪಕ್ಕದ ಚಪ್ಪಡಿಯ ಮೇಲೆ ಬೆನ್ನು ತಿರುಗಿಸಿ ಕುಳಿತು, ಮೊರದಲ್ಲಿ ಕಲ್ಲು ಆರಿಸುತ್ತಿದ್ದಳು. "ಮುಗೀತಾ ನಿನ್ ಬೆಂಗ್ಳೂರು? ಹಾಲು ಕರ್ಯೋರು ಯಾರು, ನಿಮ್ಮಪ್ಪನಾ?" ಎಂದು ನಡುನಡುವೆ ಕೂಗು ಹಾಕುತ್ತಿದ್ದಳು.

ಪ್ರಯಾಣವೆಲ್ಲ ಮೇಟಿಯ ಹತ್ತಿರ ಮುಗಿಯುತ್ತಿತ್ತು. "ಎಡಕ್ಕೆ ಏನೈತಕ್ಕ?" ಎಂದು ರಾಮಕ್ಕ ಕೇಳಿದರೆ, "ಎಡಕ್ಕೆ ಬಳೆ ಅಂಗಡಿಗಳು" ಎಂದಷ್ಟೇ ಹೇಳಿ ವರಲಕ್ಷ್ಮಮ್ಮ ಸರಕ್ಕನೆ ಹಿಂದಿರುಗಿಬಿಡುವಳು. ಏಕೆಂದರೆ ಎಡಕ್ಕೆ ತಿರುಗಿದರೆ ಅವಳ ತವರುಮನೆ. ಆ ಮನೆಗೆ ಅವಳು ಹೋಗುವ ಹಾಗಿರಲಿಲ್ಲ.

ಅದಕ್ಕೆ ಕಾರಣವಿತ್ತು. ಮದುವೆಯಾದ ವರ್ಷದ ದೀಪಾವಳಿಗೆ ಅವಳ ಮಾವ ದೊಡ್ಡವೆಂಕಟಪ್ಪ, ಬೀಗರಿಗೆಂದು ರಾಗಿಯ ಮೂಟೆಯನ್ನು ತಾನೇ ಹೆಗಲ ಮೇಲೆ ಹೊತ್ತು ಬಳೇಪೇಟೆಗೆ ಹೋಗಿದ್ದ. ಮದುವೆಯಲ್ಲಿ ಅವನು ಜರಿ ರುಮಾಲು, ಕರಿ ಕೋಟು ಹಾಕಿದ್ದ. ಈಗ ಮೈಯೆಲ್ಲ ಧೂಳು. ವರಲಕ್ಷ್ಮಮ್ಮನ ತಾಯಿ ಪಾರ್ವತಮ್ಮನಿಗೆ ಗುರುತು ಹತ್ತಲಿಲ್ಲ. "ಹಿತ್ತಲಲ್ಲಿ ಇಳಿಸಪ್ಪ" ಎಂದು, ಒಂದಾಣೆಯ ಕೂಲಿಯನ್ನು ಅವನ ಅಂಗೈಗೆ ಹಾಕಿದಳು. ದೊಡ್ಡವೆಂಕಟಪ್ಪ ಮೂಟೆ ಇಳಿಸಿ, ಆ ಕಾಸನ್ನು ಹೊಸಿಲ ಮೇಲಿಟ್ಟು ಹೊರಟುಬಂದ. ವಿಷಯ ತಿಳಿದ ಗೋಪಾಲಪ್ಪ ಬಸ್ಸಿನ ತನಕ ಓಡಿಬಂದು ಕೈ ಮುಗಿದರೂ ಅವನು ತಿರುಗಿ ನೋಡಲಿಲ್ಲ.

"ಆ ಮನೆ ಹೊಸಿಲು ನಮ್ಮನೆಯೋರು ಯಾರೂ ತುಳ್ಯಂಗಿಲ್ಲ. ಅವ್ರೂ ನಮ್ ಹೊಸಿಲು ತುಳ್ಯಂಗಿಲ್ಲ" ಎಂದು ಮನೆಗೆ ಬಂದವನೇ ಹೇಳಿದ. ಎರಡು ವರ್ಷದ ಮೇಲೆ ಜ್ವರ ಬಂದು ತೀರಿಕೊಂಡ. ಬದುಕಿದ್ದವನ ಮಾತನ್ನಾದರೂ ಕಾಲು ಹಿಡಿದು ಬದಲಾಯಿಸಬಹುದಾಗಿತ್ತು. ಸತ್ತವನ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವವರು ಯಾರು? ವರಲಕ್ಷ್ಮಮ್ಮ ಚೊಚ್ಚಲ ಬಾಣಂತನಕ್ಕೂ ತವರಿಗೆ ಹೋಗಲಿಲ್ಲ. ಮಗಳು ಮಂಗಮ್ಮ ಹುಟ್ಟಿದಾಗ ಗೋಪಾಲಪ್ಪ ಊರ ಹೊರಗಿನ ಬಾವಿಯ ತನಕ ಬಂದು, ಒಂದು ಬುಟ್ಟಿ ಸೇವಂತಿಗೆಯನ್ನು ಅಲ್ಲಿಟ್ಟು, ಮೊಮ್ಮಗಳನ್ನು ದೂರದಿಂದ ನೋಡಿ ಹೊರಟುಹೋಗಿದ್ದ. ಚೆನ್ನಕೇಶವ ಒಳ್ಳೆಯವನೇ. ಆದರೆ ತಂದೆಯ ಮಾತು ಬಂದಾಗ ಅವನು ಎದ್ದು ಎತ್ತುಗಳ ಮೈ ತಿಕ್ಕಲು ಹೋಗಿಬಿಡುತ್ತಿದ್ದ.

ಹೀಗೆ ಐದು ವರ್ಷ ಕಳೆದವು. ಆ ವರ್ಷ ಅಕ್ಕಯಮ್ಮನ ಬಲಗಣ್ಣಿಗೆ ಪೊರೆ ಬಂತು. ಮೊರದಲ್ಲಿ ರಾಗಿ ಯಾವುದು, ಕಲ್ಲು ಯಾವುದು ಎಂದು ಕಾಣದಾಯಿತು. ಬೆಂಗಳೂರಿನ ಕೋಟೆಯ ಪಕ್ಕದ ದೊಡ್ಡ ಕಣ್ಣಾಸ್ಪತ್ರೆಯಲ್ಲಿ ಪೊರೆ ತೆಗೆಸಬೇಕೆಂದು ಡೆಂಕಣಿಕೋಟೆಯ ಡಾಕ್ಟರು ಹೇಳಿದರು. ಹತ್ತು ಹನ್ನೆರಡು ದಿನ ಅಲ್ಲಿರಬೇಕು. ಜತೆಗೊಬ್ಬ ಹೆಂಗಸು ಬೇಕು.

ಬೆಂಗಳೂರು ಬಲ್ಲ ಹೆಂಗಸು ಊರಿನಲ್ಲಿ ವರಲಕ್ಷ್ಮಮ್ಮ ಒಬ್ಬಳೇ ಅಲ್ಲವೇ? ಹೊಸಿಲು ತುಳಿಯುವುದು ಬೇಡ. ಮಾರ್ಕೆಟ್ಟಿನಲ್ಲಿ ಅಪ್ಪನ ಮುಖವನ್ನು ಒಮ್ಮೆ ನೋಡಿದರೆ ಸಾಕು. ಅವಳು ಯಾರಿಗೂ ಹೇಳದೆ ತನ್ನ ಹಸಿರು ಸೀರೆಯನ್ನು ಒಗೆದು ಮಡಿಸಿಟ್ಟಳು.

ಅಕ್ಕಯಮ್ಮ ಎಲ್ಲರ ಮುಂದೆ ಹೇಳಿದಳು: "ರಾಮಕ್ಕ ಬರ್ಲಿ. ನೀನು ದನ, ಕಣ ನೋಡ್ಕೋ."

"ಅತ್ತೆ, ರಾಮಕ್ಕನಿಗೆ ಅಲ್ಲಿ ದಾರಿ ಗೊತ್ತಿಲ್ಲ..."

"ನಿಂಗ್ ಗೊತ್ತು. ಅದ್ಕೇ ನೀನ್ ಬ್ಯಾಡ."

ಪೆಟ್ರೋಲು ಸಿಗದ ಆ ದಿನಗಳಲ್ಲಿ ಇದ್ದಿಲಿನ ಗ್ಯಾಸಿನಿಂದ ಓಡುವ ಬಸ್ಸು ಹೊಗೆಯುಗುಳುತ್ತಾ ಅವರನ್ನು ಕರೆದೊಯ್ದಿತು. ಚೆನ್ನಕೇಶವ ತಾಯಿಯನ್ನು ಆಸ್ಪತ್ರೆಗೆ ಸೇರಿಸಿ, ಒಕ್ಕಣೆಗಾಗಿ ಹಿಂದಿರುಗಿದ. ಅಂದು ಸಂಜೆ ವರಲಕ್ಷ್ಮಮ್ಮ ಕಣದಲ್ಲಿ ಒಬ್ಬಳೇ ಇದ್ದಳು. ಹೊಂಗೆಮರ ದಾಟಿದಳು, ಮೆದೆ ದಾಟಿದಳು, ಮೇಟಿಯ ತನಕ ನಡೆದಳು. ಇವತ್ತು ನೋಡುವವರು ಯಾರೂ ಇಲ್ಲ, ಎಡಕ್ಕೆ ತಿರುಗೋಣವೆಂದುಕೊಂಡಳು. ಕಾಲು ಬರಲಿಲ್ಲ. ದಿನವಿಡೀ ಮೇಟಿಯ ಸುತ್ತ ತಿರುಗುವ ಎತ್ತುಗಳನ್ನು ಬಿಚ್ಚಿದರೂ ಅವು ಅಲ್ಲೇ ಸುತ್ತು ಹಾಕುವುದನ್ನು ಅವಳು ನೋಡಿದ್ದಳು. ಕಂಬವನ್ನು ಹಿಡಿದು ಸ್ವಲ್ಪ ಹೊತ್ತು ನಿಂತು, ಹಾಲು ಕರೆಯಲು ಹೋದಳು.

ಅತ್ತೆಯನ್ನು ಆಸ್ಪತ್ರೆಯಿಂದ ಬಿಡುವ ದಿನ ಚೆನ್ನಕೇಶವ ಹೋಗಬೇಕಾಗಿತ್ತು. ಅಂದು ಆನೆಗಳು ಕಣಕ್ಕೆ ನುಗ್ಗಿ ಮೆದೆಯನ್ನು ಎಳೆದು ಚೆಲ್ಲಾಡಿದ್ದವು. ಚೆಲ್ಲಿದ ತೆನೆಯನ್ನು ಬಳಿದು ಒಟ್ಟುವುದರಲ್ಲಿ ದಿನ ಕಳೆಯಿತು. ಅವನು ಮರುದಿನ ಹೋಗಿ, ರಾತ್ರಿ ಆಸ್ಪತ್ರೆಯಲ್ಲೇ ಉಳಿದಿದ್ದ ಇಬ್ಬರನ್ನೂ ಕರೆತಂದ. ಅಕ್ಕಯಮ್ಮ ಕಣ್ಣಿಗೆ ಬಿಳಿ ಪಟ್ಟಿ ಕಟ್ಟಿಕೊಂಡು ಬಸ್ಸಿನಿಂದ ಇಳಿದಳು. ಯಾರೊಂದಿಗೂ ಮಾತಾಡದೆ ಒಳಗೆ ಹೋಗಿ ಮಲಗಿದಳು.

ರಾಮಕ್ಕನ ಬಾಯಿ ಮಾತ್ರ ನಿಲ್ಲಲಿಲ್ಲ. ಕೈಕಾಲು ತೊಳೆಯುವುದಕ್ಕೂ ಮೊದಲು ವರಲಕ್ಷ್ಮಮ್ಮನನ್ನು ಕಣಕ್ಕೆ ಎಳೆದುಕೊಂಡು ಹೋದಳು.

"ಆಸ್ಪತ್ರೆ ಬಾಗಿಲಾಗೆ ಕೂತು ಕೂತು ಸಾಕಾಗೋಯ್ತು ಕಣಕ್ಕ. ನಿನ್ ಗಂಡ ಬರ್ಲೇ ಇಲ್ಲ. ನಾನು ಅಳಾಕೆ ಸುರು ಮಾಡ್ದೆ. ನಿಮ್ಮತ್ತೆ, 'ಏಳೇ ರಾಮಿ, ಊರು ನೋಡ್ಕೊಂಡು ಬರಾನ' ಅಂದ್ರು. 'ದಾರಿ ಯಾರಿಗ್ ಗೊತ್ತೈತೆ?' ಅಂದೆ. 'ನಂಗೊತ್ತು. ಎಷ್ಟು ವರ್ಸದಿಂದ ಕೇಳ್ತಾ ಇವ್ನಿ' ಅಂದ್ಬುಟ್ರು!"

ವರಲಕ್ಷ್ಮಮ್ಮ ಅತ್ತೆ ಮಲಗಿದ್ದ ಮನೆಯ ಕಡೆ ತಿರುಗಿ ನೋಡಿದಳು.

"ಒಂದ್ ಕಣ್ಣಿಗೆ ಪಟ್ಟಿ, ಇನ್ನೊಂದ್ ಕಣ್ಣೂ ಅಷ್ಟಕ್ಕಷ್ಟೆ. ಆದ್ರೂ ನೀನ್ ಹೇಳ್ದಂಗೇ ಕೋಟೆ ಬಿಟ್ಟು ಮಾರ್ಕೆಟ್ಟು, ಮಾರ್ಕೆಟ್ಟು ಬಿಟ್ಟು ದೊಡ್ಡಪೇಟೆ. ಆದ್ರೆ ನೀನ್ ಮೋಸಗಾತಿ ಕಣಕ್ಕ! ಇಲ್ಲಿ ನಾಲ್ಕೆಜ್ಜೆ, ಅಲ್ಲಿ ನಡ್ದೂ ನಡ್ದೂ ಕಾಲು ಬಿದ್ದೋದ್ವು. ಚೌಕದಾಗೆ ನಿಮ್ಮತ್ತೆ ನಿಂತ್ಕೊಂಡು, 'ಇಲ್ಲೊಂದು ಮೇಟಿ ಇರ್ಬೇಕಲ್ಲಪ್ಪಾ, ಎಲ್ಲೋಯ್ತು?' ಅಂತ ಜವಳಿ ಅಂಗಡಿಯೋನ್ನ ಕೇಳಿದ್ರು. ಅವ್ನು ನಕ್ಕಿದ್ದೇ ನಕ್ಕಿದ್ದು. 'ನಗ್ಬ್ಯಾಡ ಕಣ್ಲಾ, ನಮ್ ಸೊಸೆ ಸುಳ್ಳು ಹೇಳಾಕಿಲ್ಲ' ಅಂತ ಅವ್ನಿಗೇ ಬೈದ್ರು."

"ಆಮೇಲೆ?"

"ಆಮೇಲೆ ಎಡಕ್ಕೆ ತಿರುಗಿದ್ರು."

ಸಂಜೆಯ ಬಿಸಿಲು ಮೇಟಿಯ ನೆರಳನ್ನು ಉದ್ದಕ್ಕೆ ಎಳೆದಿತ್ತು. ರಾಮಕ್ಕ ಧ್ವನಿ ಇಳಿಸಿದಳು.

"ಹೂವಿನ ಗೋಪಾಲಪ್ಪನ ಮನೆ ಅಂತ ಕೇಳ್ಕೊಂಡು ಹೋದ್ವಿ. ಬಾಗ್ಲು ಮುಂದೆ, ಬೀದಿಯಾಗೇ ನಿಂತ್ರು ನಿಮ್ಮತ್ತೆ. 'ಮಾತಾಡ್ಬ್ಯಾಡ ರಾಮಿ. ಕಣ್ಣಿಗೆ ಪಟ್ಟಿ ಐತೆ, ಸೀರೆ ಮಾಸೈತೆ. ನನ್ ಗಂಡುಂಗೆ ಕೂಲಿ ಕೊಟ್ರಲ್ಲ, ನಂಗೆ ಭಿಕ್ಷೆ ಹಾಕ್ತಾರೇನೋ ನೋಡಾನ' ಅಂದ್ರು. ನಿಮ್ಮವ್ವ ಹೊರಕ್ಕೆ ಬಂದ್ರು. ನೋಡಿದ್ರು. ಗುರ್ತು ಹತ್ಲಿಲ್ಲ. ಆದ್ರೆ ಮೊದ್ಲು ಬಾಯಿಗೆ ಬಂದ ಮಾತೇನು ಗೊತ್ತಾ? 'ಯಾವೂರಮ್ಮಾ ನಿಮ್ದು? ಜಗಲಿ ಮೇಲೆ ಕೂತ್ಕೊಳ್ಳಿ, ನೀರು ತರ್ತೀನಿ' ಅಂದ್ರು."

"ಅಮ್ಮ ಹೇಗಿದ್ದಾಳೆ?"

"ಕೂದ್ಲು ನೆರೆತೈತೆ. ನಿಮ್ ಮಾವ ಕಾಸು ಇಟ್ಟು ಬಂದ ಅವತ್ತಿಂದ ಆ ಬೀದಿಗೆ ಹೊರೆ ಹೊತ್ಕೊಂಡು ಯಾರೇ ಬರ್ಲಿ, ಊರು ಕೇಳ್ದೆ, ನೀರು ಕೊಡ್ದೆ ಕಳ್ಸಾಕಿಲ್ವಂತೆ. ಪಕ್ಕದ ಮನೆಯೋರು ಹೇಳಿದ್ರು. 'ಡೆಂಕಣಿಕೋಟೆ ಕಡೆಯೋರು' ಅಂತ ನಿಮ್ಮತ್ತೆ ಅಂದ್ರು ನೋಡು, ನಿಮ್ಮವ್ವ ಚೊಂಬು ಅಲ್ಲೇ ಇಟ್ಟು, 'ನಮ್ಮ ವರಲಕ್ಷ್ಮಿ ಅಂತ ಒಬ್ಳು ಆ ಕಡೆ ಇದ್ದಾಳೆ, ಗೊತ್ತಾ ನಿಮ್ಗೆ?' ಅಂತ ಕೈ ಹಿಡ್ಕೊಂಡ್ಬುಟ್ರು."

ವರಲಕ್ಷ್ಮಮ್ಮ ರಾಶಿಯ ಪಕ್ಕದಲ್ಲಿ ಕುಸಿದು ಕುಳಿತು ಅತ್ತಳು. ಐದು ವರ್ಷ ಅವಳು ಅತ್ತಿರಲಿಲ್ಲ.

ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ ಒಂದು ಸಂಜೆ ಅಕ್ಕಯಮ್ಮ ಕೈಯಲ್ಲಿ ಕೋಲು ಹಿಡಿದು ತಾನಾಗಿಯೇ ಕಣಕ್ಕೆ ಬಂದಳು. ಹೆಂಗಸರು ಗಪ್‌ಚುಪ್ಪಾದರು.

"ಏನ್ರೇ ಬಾಯಿ ಮುಚ್ಕೊಂಡ್ರಿ? ನಡಿ ವರಲಕ್ಷ್ಮಿ, ತೋರ್ಸು."

ವರಲಕ್ಷ್ಮಮ್ಮ ನಡೆದಳು. ಮರ, ಗುಂಡು, ಮೆದೆ, ರಾಶಿ, ಕೊನೆಗೆ ಮೇಟಿ. ಅಲ್ಲಿ ನಿಂತಳು.

"ಎಡಕ್ಕೆ ತಿರುಗು" ಎಂದಳು ಅಕ್ಕಯಮ್ಮ.

ಅವಳು ತಿರುಗಿದಳು. ಅಕ್ಕಯಮ್ಮ ಸಗಣಿ ಸಾರಿಸಿದ ನೆಲದ ಮೇಲೆ ಕೋಲಿನಿಂದ ಒಂದು ಗೆರೆ ಎಳೆದಳು. "ಇದು ಹೊಸಿಲು." ಗೆರೆಯ ಈಚೆ ಕೋಲನ್ನು ಊರಿದಳು. "ಇದು ಜಗಲಿ. ನಾನು ಇಲ್ಲೇ ಕೂತು ನೀರು ಕುಡ್ದೆ. ನಿಮ್ ಮಾವ ಹೊಸಿಲು ಅಂದವ್ರೆ, ಜಗಲಿ ಅಂದಿಲ್ಲ. ಯುಗಾದಿಗೆ ಕೂಸ್ನ ಕರ್ಕೊಂಡು ಹೋಗ್ಬುಟ್ಟು ಬಾ. ಆದ್ರೆ ಗೆರೆ ದಾಟ್ಬ್ಯಾಡ ಕಣವ್ವ. ಅವ್ರ ಮಾತು ಉಳೀಬೇಕು. ನಂಗೂ ಅವ್ರು ಬಿಟ್ರೆ ಇನ್ಯಾರಿದ್ರು?"

ಯುಗಾದಿಗೆ ವರಲಕ್ಷ್ಮಮ್ಮ ಹಸಿರು ಸೀರೆಯುಟ್ಟು ಬಳೇಪೇಟೆಗೆ ಹೋದಳು. ತಾನು ಹುಟ್ಟಿದ ಮನೆಯ ಜಗಲಿಯ ಮೇಲೆ ಬಂದುಹೋಗುವವರಂತೆ ಕುಳಿತಳು. ಗೋಪಾಲಪ್ಪ ಮೊಮ್ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬೀದಿಯಲ್ಲೇ ಅತ್ತಿಂದಿತ್ತ ನಡೆದಾಡಿದ. ಪಾರ್ವತಮ್ಮ ಒಳಗೆ, ಹೊಸಿಲಿಗೆ ಮೊಣಕಾಲೂರಿ ಕುಳಿತು, ಹೊರಗೆ ಬೆನ್ನು ತಿರುಗಿಸಿ ಕುಳಿತ ಮಗಳ ತಲೆಗೆ ಎಣ್ಣೆ ಹಚ್ಚಿ ಬಾಚಿದಳು. ಹೋಳಿಗೆಯ ತಟ್ಟೆ ಹೊಸಿಲು ದಾಟಿ ಬಂತು. ಖಾಲಿ ತಟ್ಟೆ ಹೊಸಿಲು ದಾಟಿ ಹೋಯಿತು. ಒಳಗಿನಿಂದ ಬೆಲ್ಲದ ಪಾಕದ ವಾಸನೆ ಬರುತ್ತಿತ್ತು. ಬಿಸಿಲಿನಲ್ಲಿದ್ದ ಕಣ್ಣಿಗೆ ಒಳಗಿನದೇನೂ ಕಾಣುತ್ತಿರಲಿಲ್ಲ. ಸಂಜೆಯ ಬಸ್ಸಿಗೆ ಅವಳು ಹೊರಟುಬಂದಳು.

ಅಂದಿನಿಂದ ವರ್ಷಕ್ಕೊಮ್ಮೆ ಹೀಗೆ ಹೋಗಿಬರುವುದು ರೂಢಿಯಾಯಿತು. ಕಣದ ಮೇಲಿನ ಬೆಂಗಳೂರಿನಲ್ಲಿ ಈಗ ಎಲ್ಲರೂ ಎಡಕ್ಕೆ ತಿರುಗುತ್ತಿದ್ದರು. ಪ್ರತಿ ಸುಗ್ಗಿಯಲ್ಲೂ ಅಕ್ಕಯಮ್ಮ ಬಂದು ಗೆರೆ ಎಳೆದುಕೊಟ್ಟು ಚಪ್ಪಡಿಗೆ ಹಿಂದಿರುಗುತ್ತಿದ್ದಳು. ಹೆಂಗಸರು ಗೆರೆಯ ಈಚೆ ಸಾಲಾಗಿ ಕುಳಿತು ದಣಿವಾರಿಸಿಕೊಳ್ಳುತ್ತಿದ್ದರು.

"ಒಳಗೆ ಎಂಗೈತೆ ತೋರ್ಸಕ್ಕ" ಎಂದು ಒಂದು ದಿನ ರಾಮಕ್ಕ ಗೆರೆಯತ್ತ ಕತ್ತು ಚಾಚಿದಳು.

ವರಲಕ್ಷ್ಮಮ್ಮ ಗೆರೆಯಾಚೆಯ ಬರಿ ನೆಲವನ್ನು ನೋಡಿದಳು. ಅಡುಗೆಮನೆ ಬಲಕ್ಕಿತ್ತೆ, ಎಡಕ್ಕಿತ್ತೆ ಎಂದು ಒಂದು ಗಳಿಗೆ ಅವಳಿಗೆ ನೆನಪಾಗಲಿಲ್ಲ.

"ಏಳಿ, ಏಳಿ" ಎಂದಳು. "ಹಾಲು ಕರೆಯೋ ಹೊತ್ತಾಯ್ತು."