ತಿರುಪು ಮುಟ್ಟದ ಮೇಡಂ

ಸಂಶೋಧನಾಲಯದಲ್ಲಿ ಅವರಿಗೆ ‘ತಿರುಪು ಮೇಡಂ’ ಎಂದೇ ಹೆಸರು. ಭಾರವಾದ ಅಯಾನು, ಅಂದರೆ ವಿದ್ಯುದಾವೇಶದ ಕಣವೊಂದು, ಗಟ್ಟಿ ಹರಳಿನೊಳಗೆ ನುಗ್ಗಿದರೆ ಅದರ ದಾರಿ ಎಷ್ಟು ಬಿಸಿಯಾಗುತ್ತದೆ, ಎಷ್ಟಗಲ ಕರಗಿ ಕಲೆ ಉಳಿಯುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ಅವರ ಕೆಲಸ. ಆ ಲೆಕ್ಕದಲ್ಲಿ ಯಾರೂ ನೇರವಾಗಿ ಅಳೆಯಲಾಗದ ಒಂದು ಅಂಕಿಯಿದೆ. ಅದನ್ನು ರೇಡಿಯೋದ ತಿರುಪಿನಂತೆ ಅತ್ತಿತ್ತ ತಿರುಗಿಸಿದರೆ ಉತ್ತರ ಯಾರ ಅಳತೆಗೆ ಬೇಕಾದರೂ ಹೊಂದಿಕೊಳ್ಳುತ್ತದೆ. ಉಳಿದವರೆಲ್ಲ ತಿರುಗಿಸುತ್ತಾರೆ, ಬಡ್ತಿ ಪಡೆಯುತ್ತಾರೆ. ಮೇಡಂ ಮಾತ್ರ ಜಪ್ಪಯ್ಯ ಅಂದರೂ ಮುಟ್ಟುವುದಿಲ್ಲ. ಮನೆಯಲ್ಲಿ ಇವರಷ್ಟು ಹೊಂದಿಕೊಂಡು ಹೋಗುವವರು ಬೇರಿಲ್ಲ: ಗಂಡ ಅಡುಗೆಗೆ ಎರಡು ಸಲ ಉಪ್ಪು ಹಾಕಿದರೂ ಉಣ್ಣುತ್ತಾರೆ, ಅತ್ತೆ ಹಾಕಿದ ಧಾರಾವಾಹಿಯನ್ನೇ ನೋಡುತ್ತಾರೆ. “ಒಂಚೂರು ತಿರುಗಿಸಿದ್ರೆ ಸರಿಹೋಗುತ್ತಲ್ಲ ಮೇಡಂ?” ಎಂದು ನಿರ್ದೇಶಕರು ನಯವಾಗಿ ಕೇಳಿದರೆ ಮಾತ್ರ, “ಸರಿಹೋಗಲ್ಲ ಸಾರ್, ಸರಿಯಾಗಿ ಕಾಣುತ್ತೆ ಅಷ್ಟೆ” ಎಂದು ಕನ್ನಡಕ ಒರೆಸಿಕೊಳ್ಳುತ್ತಾರೆ. ಇಪ್ಪತ್ತಾರನೇ ವಯಸ್ಸಿನಲ್ಲಿ, ಮಾರ್ಗದರ್ಶಕರ ಮಾತು ತೆಗೆದುಹಾಕಲಾರದೆ, ಮೇಡಂ ಕೂಡ ಒಮ್ಮೆ ಆ ಅಂಕಿಯನ್ನು ತಿರುಗಿಸಿ ಒಂದು ಪ್ರಬಂಧ ಬರೆದಿದ್ದರು. ಅವರು ಬರೆದದ್ದರಲ್ಲೆಲ್ಲ ಆ ಪ್ರಬಂಧಕ್ಕೇ ಹೆಚ್ಚು ಹೆಸರು ಬಂತು. ತಿದ್ದುಪಡಿ ಹಾಕಿ ಎಂದರೆ ಅದನ್ನು ಅಚ್ಚುಹಾಕಿದ್ದ ಪತ್ರಿಕೆಯವರು ಹಾಕಲಿಲ್ಲ. ಅಂದಿನಿಂದ ಅದನ್ನು ಯಾರು ಎಲ್ಲಿ ಉಲ್ಲೇಖಿಸಿದರೂ ಮೇಡಂ ಕೈಬರಹದಲ್ಲೇ ಕಾಗದ ಹಾಕುತ್ತಾರೆ: “ಆ ಅಂಕಿ ನಾನು ಬೇಕೆಂದೇ ಹೊಂದಿಸಿದ್ದು. ದಯವಿಟ್ಟು ನಂಬಬೇಡಿ.” ಹತ್ತೊಂಬತ್ತು ವರ್ಷದಲ್ಲಿ ಉತ್ತರ ಬಂದದ್ದು ಒಂದೇ, ಮೊನ್ನೆ: “ತಮ್ಮ ವಿನಯ ದೊಡ್ಡದು. ತಮ್ಮ ಅಂಕಿ ನಮ್ಮ ಅಳತೆಗೆ ಕರಾರುವಾಕ್ಕಾಗಿ ಹೊಂದಿದೆ.” ಮೇಡಂ ಅದನ್ನು ಎರಡು ಸಲ ಓದಿದರು, ಹೊಸ ಲಕೋಟೆ ತೆಗೆದು ಅದೇ ವಿಳಾಸವನ್ನು ಮತ್ತೆ ಬರೆಯತೊಡಗಿದರು.