ಒಂದೇ ಸಲಕ್ಕೆ ಅರ್ಥವಾದ ಕಾಗದ

ಕಂದಾಯದ ಕಾಗದಗಳನ್ನು ಜನಕ್ಕೆ ತಿಳಿಯೋ ಹಾಗೆ ಬರೆಯಿರಿ ಅಂತ ನಮ್ಮ ಕಚೇರಿಗೆ ಆದೇಶ ಬಂತು. ನಾನು ಹುರುಪಿನಿಂದ ಬರೆದೆ: "ನಿಮ್ಮ ಮನೆ ಕಂದಾಯ ಪೂರಾ ಕಟ್ಟಿದ್ದೀರಿ. ಕಚೇರಿಗೆ ಬರಬೇಕಾಗಿಲ್ಲ."

ಮೂರನೇ ದಿನ ಮೊಳಕಾಲ್ಮುರಿನ ವಯಸ್ಸಾದ ನೇಕಾರರೊಬ್ಬರು ಮಗ್ಗ ಬಿಟ್ಟು, ಆ ಕಾಗದ ಹಿಡಿದುಕೊಂಡು ಬಂದರು.

"ಬರೋದು ಬ್ಯಾಡ ಅಂತ ಬರೆದೈತಲ್ಲ ಯಜಮಾನ್ರೇ, ಓದ್ಲಿಲ್ವಾ?" ಅಂದೆ.

"ಓದ್ದೆ ಸಾರ್. ಒಂದೇ ಸಲಕ್ಕೆ ಅರ್ಥ ಆತು. ಅದಕ್ಕೇ ಅನುಮಾನ ಬಂತು, ಇದು ಸರ್ಕಾರದ್ದಲ್ಲ, ಯಾರೋ ಮೋಸಗಾರರದ್ದು ಅಂತ."

ನಾನೇ ಬರೆದದ್ದು ಅಂದರೂ ನಂಬಲಿಲ್ಲ. ದುಂಡು ಸೀಲು ಒತ್ತಿಸಿಕೊಂಡೇ ಹೋದರು. ಸಂಜೆಯೊಳಗೆ ಅವರ ಬೀದಿಯವರೆಲ್ಲ ಸೀಲಿಗೆ ಬಂದರು.

ಈಗ ಅದೇ ಕಾಗದದ ಮೊದಲ ಸಾಲಿಗೆ "ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ" ಅಂತ ಸೇರಿಸಿದ್ದೇನೆ. ಮೇಲೆ ಯಾವ ವಿಷಯವೂ ಇಲ್ಲ. ಆದರೆ ಆಮೇಲೆ ಒಬ್ಬರೂ ಅನುಮಾನಪಟ್ಟು ಬಂದಿಲ್ಲ.